ಕಾಗದ ಯಾರ ದುಡ್ಡಿನದು? ಗುಜರಾತಿನಲ್ಲಿ ಕಾರ್ಖಾನೆ ಕೊಳ್ಳೋ ಮುಂಚೆ

(ಮಾತಿನ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇವೆ.)

ನನ್ನ ಊರು ಸಾಗರ. ಅಹಮದಾಬಾದ್‌ಗೆ ಬಂದು ಹತ್ತೊಂಬತ್ತು ವರ್ಷ ಆಯ್ತು. ಓದಿದ್ದು ಕೆಮಿಕಲ್ ಇಂಜಿನಿಯರಿಂಗ್, ಮಾಡೋದು ಪರಿಸರ ಸಲಹೆಗಾರನ ಕೆಲಸ. ನಮ್ಮ ಬ್ಯಾಚಿನವರು ಮುಕ್ಕಾಲು ಪಾಲು ಸಾಫ್ಟ್‌ವೇರ್‌ಗೆ ಹೋದರು, ನೀನೊಬ್ಬ ಕೊಳಚೆ ನೀರಿಗೆ ಹೋದೆ ಅಂತ ಮನೆಯಲ್ಲಿ ಇವತ್ತಿಗೂ ಛೇಡಿಸ್ತಾರೆ. (ನಗು)

ಈ ಚಾನೆಲ್ ನೋಡೋರು ಹೆಚ್ಚಿನವರು ಐಟಿಯವರು, ಊರು ಬಿಟ್ಟು ಬಂದವರು ಅಂತ ಗೊತ್ತು. ಕಾರ್ಖಾನೆ ಹೊಗೆ, ನೀರು, ಇದೆಲ್ಲ ನಮಗ್ಯಾಕೆ ಅಂತ ಅನ್ನಿಸಬಹುದು. ಆದರೆ ಕಳೆದ ಐದಾರು ವರ್ಷದಲ್ಲಿ ನನಗೆ ಬರೋ ಫೋನುಗಳು ಬದಲಾಗಿವೆ. ಮುಂಚೆ ಕಾರ್ಖಾನೆ ಮಾಲೀಕರು ಫೋನ್ ಮಾಡೋರು. ಈಗ ಪುಣೆಯಿಂದ, ಹೈದರಾಬಾದ್‌ನಿಂದ, ಅಮೆರಿಕದಿಂದ ನಮ್ಮ ಕನ್ನಡದ ಹುಡುಗರು ಮಾಡ್ತಾರೆ. ಷೇರಿನಲ್ಲಿ ಸ್ವಲ್ಪ ಬಂತು, ಕಂಪನಿ ಕೊಟ್ಟ ಸ್ಟಾಕ್ ಮಾರಿದ್ವಿ, ಈಗ ಒಂದು ಸಣ್ಣ ಕಾರ್ಖಾನೆ ಕೊಳ್ಳೋಣ ಅಂತಿದೀವಿ, ನೀನು ಅಲ್ಲೇ ಇದೀಯಲ್ಲ, ಒಂದು ಸಲ ನೋಡ್ತೀಯಾ?

ಅಂಥ ಒಂದು ಫೋನಿನ ಕಥೆಯಿಂದಲೇ ಶುರು ಮಾಡ್ತೀನಿ. ಹೆಸರು ಹೇಳಲ್ಲ. ಮೂರು ಜನ, ಕಾಲೇಜಿನಲ್ಲಿ ನನ್ನ ಜೊತೆಗಿದ್ದವರು. ಒಬ್ಬ ಸಿಯಾಟಲ್, ಒಬ್ಬ ಪುಣೆ, ಒಬ್ಬ ವೈಟ್‌ಫೀಲ್ಡ್. ವಡೋದರಾ ಹತ್ತಿರದ ಒಂದು ಜಿಐಡಿಸಿಯಲ್ಲಿ, ಅಂದ್ರೆ ಸರ್ಕಾರಿ ಕೈಗಾರಿಕಾ ವಸಾಹತಿನಲ್ಲಿ, ಬಣ್ಣಕ್ಕೆ ಬೇಕಾದ ಮಧ್ಯಂತರ ರಾಸಾಯನಿಕ ಮಾಡೋ ಘಟಕ. ಬೆಲೆ ನಾಲ್ಕು ಕೋಟಿ ಇಪ್ಪತ್ತು ಲಕ್ಷ. ಪುಣೆಯವನು ತನ್ನ ಪಾಲಿಗೆ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಲ್ಲಿ ಅರ್ಧ ಮಾರಿದ್ದ. ತೋಟ ಅಪ್ಪನ ಹೆಸರಲ್ಲಿತ್ತು, ಸಹಿ ಹಾಕುವಾಗ ಅಪ್ಪ ಏನೂ ಮಾತಾಡಲಿಲ್ಲವಂತೆ.

ಸಿಯಾಟಲ್‌ನವನು ಡ್ರೈವ್ ಲಿಂಕ್ ಕಳಿಸಿದ. ಇನ್ನೂರ ಹನ್ನೆರಡು ಪಿಡಿಎಫ್. "ಪರಿಸರದ್ದು ಎಲ್ಲಾ ಕ್ಲಿಯರ್ ಇದೆ ಮಾರಾಯ, ನೀನು ಒಂದು ಸಲ ಕಣ್ಣಾಡಿಸಿದ್ರೆ ಸಾಕು, ಶುಕ್ರವಾರ ಟೋಕನ್ ಕೊಡ್ಬೇಕು" ಅಂದ. ಅವತ್ತು ಸೋಮವಾರ.

ಆ ಕಾಗದಗಳಲ್ಲಿ ಏನಿತ್ತು ಅಂತ ಆಮೇಲೆ ಹೇಳ್ತೀನಿ. ಅದಕ್ಕೂ ಮುಂಚೆ, ಡ್ಯೂ ಡಿಲಿಜೆನ್ಸ್ ಅಂದ್ರೆ ಏನು ಅಂತ ಎರಡು ಮಾತು. ಮನೆ ಕೊಳ್ಳುವಾಗ ಇಸಿ ತೆಗೆಸ್ತೀರಿ, ಖಾತೆ ನೋಡ್ತೀರಿ, ವಕೀಲರಿಗೆ ತೋರಿಸ್ತೀರಿ. ಕಂಪನಿ ಕೊಳ್ಳುವಾಗ ಲೆಕ್ಕಪತ್ರ, ತೆರಿಗೆ, ಸಾಲ, ಕೋರ್ಟ್ ಕೇಸು ನೋಡ್ತಾರೆ. ಪರಿಸರದ ಡ್ಯೂ ಡಿಲಿಜೆನ್ಸ್‌ನಲ್ಲಿ ನೋಡೋದು ಲೆಕ್ಕಪುಸ್ತಕದಲ್ಲಿ ಬರೆಯದೇ ಇರೋ ಸಾಲವನ್ನ. ಅದು ಮಣ್ಣಲ್ಲಿರುತ್ತೆ, ಬೋರ್‌ವೆಲ್‌ನಲ್ಲಿರುತ್ತೆ, ಪಕ್ಕದ ರೈತನ ಹೊಲದಲ್ಲಿರುತ್ತೆ. ನೀವು ಐಟಿಯವರು ಬೇರೆ ಕಂಪನಿಯ ಹಳೇ ಕೋಡ್ ತಗೊಂಡು ಅನುಭವಿಸಿರ್ತೀರಿ. ಬರೆದವನು ಬಿಟ್ಟು ಹೋಗಿರ್ತಾನೆ, ರಾತ್ರಿ ಎರಡು ಗಂಟೆಗೆ ಎದ್ದು ಕೂರೋನು ನೀವು. ಇದೂ ಹಾಗೇ, ಒಂದೇ ವ್ಯತ್ಯಾಸ ಅಂದ್ರೆ ಇಲ್ಲಿ ಹಳೇದಕ್ಕೆ ವಾಪಸ್ ಹೋಗೋ ಬಟನ್ ಇಲ್ಲ.

ಷೇರು ಕೊಂಡರೆ ಕಂಪನಿ ಅದೇ, ಮಾಲೀಕ ಮಾತ್ರ ಬೇರೆ. ಅದರ ಹಳೇ ತಪ್ಪುಗಳೆಲ್ಲ ಅದರ ಜೊತೆಗೇ ಬರುತ್ತವೆ. "ಹಾಗಾದ್ರೆ ಕಂಪನಿ ಬೇಡ, ಯಂತ್ರ, ಶೆಡ್ಡು, ಜಾಗ ಮಾತ್ರ ಕೊಳ್ತೀವಿ" ಅಂತ ಜಾಣರು ಹೇಳ್ತಾರೆ. ಅದರಿಂದ ಸ್ವಲ್ಪ ಅನುಕೂಲ ಇದೆ, ಪೂರ್ತಿ ಇಲ್ಲ. ಜಾಗ ನಿಮ್ಮ ಸ್ವಾಧೀನಕ್ಕೆ ಬಂದ ದಿನದಿಂದ ಮಂಡಳಿ ನೋಟಿಸ್ ಕೊಡೋದು ನಿಮಗೆ. ಅಂತರ್ಜಲದಲ್ಲಿ ಇಳಿದಿರೋ ಬಣ್ಣ ಯಾವ ವರ್ಷದ್ದು ಅಂತ ನೀರು ಹೇಳಲ್ಲ.

ಇದು ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ಎರಡು ಪ್ರಕರಣ. ರಾಜಸ್ಥಾನದ ಉದಯಪುರದ ಹತ್ತಿರ ಬಿಚ್ಛ್ರಿ ಅಂತ ಹಳ್ಳಿ. ಅಲ್ಲಿ 1980ರ ದಶಕದ ಕೊನೆಯಲ್ಲಿ ಎಚ್-ಆಸಿಡ್ ಅನ್ನೋ ಬಣ್ಣದ ಮಧ್ಯಂತರ ರಾಸಾಯನಿಕ ಮಾಡಿದರು, ಹೆಚ್ಚು ದಿನ ಅಲ್ಲ, ಸ್ವಲ್ಪ ಕಾಲ. ಬಾವಿಗಳ ನೀರು ಕೆಂಪಗೆ, ಕಪ್ಪಗೆ ಆಯ್ತು. ಸುಪ್ರೀಂ ಕೋರ್ಟ್ 1996ರ ಫೆಬ್ರವರಿಯಲ್ಲಿ, ಮಲಿನ ಮಾಡಿದವನೇ ಖರ್ಚು ಕೊಡಬೇಕು ಅಂತ ಹೇಳಿತು. ದುಡ್ಡು ಕಟ್ಟೋದನ್ನ ಎಳೆದಾಡುತ್ತಾ ಹೋದರು. 2011ರಲ್ಲಿ ಕೋರ್ಟ್ ಮತ್ತೆ, 37 ಕೋಟಿಗೂ ಹೆಚ್ಚು ಮೊತ್ತವನ್ನ ಚಕ್ರಬಡ್ಡಿ ಸಮೇತ ಕಟ್ಟಿ ಅಂತ ಆದೇಶ ಮಾಡಿತು. ಕಾರ್ಖಾನೆ ನಡೆದಿದ್ದಕ್ಕಿಂತ ಕೇಸು ಎಷ್ಟೋ ಪಟ್ಟು ಹೆಚ್ಚು ಕಾಲ ನಡೀತು. ಅದೇ ಎಚ್-ಆಸಿಡ್ ಅನ್ನ ಗುಜರಾತಿನಲ್ಲಿ ಇವತ್ತೂ ಮಾಡ್ತಾರೆ, ನಮ್ಮ ಹುಡುಗರು ನೋಡಿದ್ದು ಅದರ ಹತ್ತಿರದ ಸಂಬಂಧಿ.

ಎರಡನೇದು ಕೊಡೈಕೆನಾಲ್‌ದು. ಅಲ್ಲಿನ ಪಾದರಸದ ಥರ್ಮಾಮೀಟರ್ ಕಾರ್ಖಾನೆ ಹುಟ್ಟಿದ್ದು ಪಾಂಡ್ಸ್ ಕಂಪನಿಯ ಕೈಯಲ್ಲಿ. ಯೂನಿಲಿವರ್ ಪಾಂಡ್ಸ್ ಅನ್ನ ಜಾಗತಿಕವಾಗಿ ಕೊಂಡಾಗ ಇದೂ ಜೊತೆಗೆ ಬಂತು, ಆಮೇಲೆ ಹಿಂದುಸ್ತಾನ್ ಲಿವರ್‌ಗೆ ಸೇರಿತು. ಯೋಚನೆ ಮಾಡಿ, ಅವರು ಕೊಂಡಿದ್ದು ಕ್ರೀಮು, ಪೌಡರು. 2001ರಲ್ಲಿ ಕಾರ್ಖಾನೆ ಮುಚ್ಚಿತು. 2016ರಲ್ಲಿ 591 ಮಾಜಿ ಕಾರ್ಮಿಕರ ಜೊತೆ ಒಪ್ಪಂದ ಆಯ್ತು. ಮಣ್ಣು ಶುದ್ಧ ಮಾಡೋ ವಾದ ಅದರ ನಂತರವೂ ಮುಗೀಲಿಲ್ಲ.

ಇನ್ನು ಗುಜರಾತಿಗೆ ಬರೋಣ. ಇಲ್ಲಿಯದ್ದೊಂದು ಅಧ್ಯಯನ ಇದೆ. ನಾನು ಇವತ್ತು ಮುಖ್ಯವಾಗಿ ಹೇಳಬೇಕು ಅಂತ ಬಂದಿದ್ದು ಅದನ್ನೇ.

1996ರಲ್ಲಿ ಗುಜರಾತ್ ಹೈಕೋರ್ಟ್ ಒಂದು ವ್ಯವಸ್ಥೆ ಮಾಡಿಸಿತು. ಹೆಚ್ಚು ಮಾಲಿನ್ಯದ ಕಾರ್ಖಾನೆಗಳು ಪ್ರತಿ ವರ್ಷ ಹೊರಗಿನ ಆಡಿಟರ್ ಹತ್ತಿರ ಪರಿಸರ ತಪಾಸಣೆ ಮಾಡಿಸಿ, ವರದಿಯನ್ನ ಗುಜರಾತ್ ಮಾಲಿನ್ಯ ನಿಯಂತ್ರಣ ಮಂಡಳಿಗೆ, ಅಂದ್ರೆ ಜಿಪಿಸಿಬಿಗೆ, ಕೊಡಬೇಕು. ಕೇಳೋಕೆ ಚೆನ್ನಾಗಿದೆ. ಆದರೆ ಆಗ ಆಡಿಟರನ್ನ ಆರಿಸ್ತಿದ್ದದ್ದು ಕಾರ್ಖಾನೆ, ದುಡ್ಡು ಕೊಡ್ತಿದ್ದದ್ದೂ ಕಾರ್ಖಾನೆ. ಎಸ್ಥರ್ ಡುಫ್ಲೊ, ಮೈಕಲ್ ಗ್ರೀನ್‌ಸ್ಟೋನ್, ರೋಹಿಣಿ ಪಾಂಡೆ, ನಿಕೋಲಸ್ ರಯಾನ್ ಅನ್ನೋ ಅರ್ಥಶಾಸ್ತ್ರಜ್ಞರು ಮಂಡಳಿಯ ಜೊತೆಗೇ ಸೇರಿ ಅಹಮದಾಬಾದ್ ಮತ್ತು ಸೂರತ್ ಭಾಗದ 473 ಕಾರ್ಖಾನೆಗಳ ಮೇಲೆ ಎರಡು ವರ್ಷ ಪ್ರಯೋಗ ಮಾಡಿದರು. 2013ರಲ್ಲಿ ಪ್ರಕಟ ಆಯ್ತು. ಡುಫ್ಲೊಗೆ 2019ರಲ್ಲಿ ನೊಬೆಲ್ ಬಂತು, ನೀವು ಹೆಸರು ಕೇಳಿರ್ತೀರಿ.

ಅರ್ಧ ಕಾರ್ಖಾನೆಗಳಿಗೆ ಹಳೇ ಪದ್ಧತಿ. ಇನ್ನರ್ಧಕ್ಕೆ ಆಡಿಟರ್ ಯಾರು ಅಂತ ಚೀಟಿ ಎತ್ತಿದ ಹಾಗೆ ನಿರ್ಧಾರ, ಫೀಸು ಸಾಮಾನ್ಯ ನಿಧಿಯಿಂದ, ಮತ್ತೆ ಕೆಲವು ಕಡೆ ಹಿಂದೆಯೇ ಇನ್ನೊಂದು ತಂಡ ಹೋಗಿ ಅದೇ ಚಿಮಣಿಯನ್ನ ಮತ್ತೆ ಅಳೆಯೋದು. ಹಳೇ ಪದ್ಧತಿಯ ಆಡಿಟರುಗಳು, ಹೊಗೆಯ ಕಣಗಳ ವಿಷಯದಲ್ಲಿ ನಿಯಮ ಮೀರಿದ ಕಾರ್ಖಾನೆ ಬರೀ 7 ಪರ್ಸೆಂಟ್ ಅಂತ ಬರೆದಿದ್ದರು. ಮತ್ತೆ ಅಳೆದಾಗ ಸಿಕ್ಕಿದ್ದು 59 ಪರ್ಸೆಂಟ್. ಮಿತಿ 150 ಇದ್ದರೆ ವರದಿಯ ಸಂಖ್ಯೆಗಳೆಲ್ಲ ಮಿತಿಯ ಕೆಳಗೇ ಬಂದು ಗುಂಪು ಕಟ್ಟಿಕೊಂಡು ಕೂತಿದ್ದವು, ರೈಲ್ವೆ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಜನ ನಿಂತ ಹಾಗೆ. ದುಡ್ಡಿನ ದಾರಿ ಬದಲಾದ ಕಡೆ, ಅದೇ ಊರಿನ ಆಡಿಟರುಗಳೇ, ಸುಳ್ಳು ಬರೆಯೋದು 80 ಪರ್ಸೆಂಟ್ ಕಮ್ಮಿ ಆಯ್ತು. ಕಾರ್ಖಾನೆಗಳ ಮಾಲಿನ್ಯವೂ ಇಳೀತು. ಮಂಡಳಿ 2015ರಲ್ಲಿ ತನ್ನ ನಿಯಮ ಬದಲಾಯಿಸಿತು.

ಈ ಅಧ್ಯಯನ ಓದಿದಾಗ ನನಗೆ ಆಶ್ಚರ್ಯ ಆಗಲಿಲ್ಲ, ನಾಚಿಕೆ ಆಯ್ತು. ಯಾಕಂದ್ರೆ ಅದೇ ವರ್ಷಗಳಲ್ಲಿ ನಾನೂ ಅಂಥ ವರದಿ ಬರೀತಿದ್ದೆ. ಆಗ ಇಪ್ಪತ್ತೈದು ವರ್ಷ, ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ ಕೆಲಸ. ಒಂದು ಮಳೆಗಾಲ, ಒಂದು ಬಣ್ಣದ ಮಿಲ್ಲು. ಚಿಮಣಿಯ ಏಣಿ ತುಕ್ಕು ಹಿಡಿದಿತ್ತು, ಬಾಯ್ಲರ್ ಕೂಡ ಆರಿಸಿದ್ದರು. ನಾನು ಸೀನಿಯರ್‌ಗೆ ಫೋನ್ ಮಾಡಿದೆ. "ಹೋದ ವರ್ಷ 141 ಇದೆ, ಈ ಸಲ 138 ಹಾಕು, ಸುಧಾರಣೆ ಆಗಿದೆ ಅಂತ ಕಾಣ್ಲಿ" ಅಂದರು. ಹಾಕಿದೆ. ಆ ಮಿಲ್ಲಿನವರು ಮಧ್ಯಾಹ್ನ ಒಳ್ಳೇ ಊಟ ಹಾಕಿಸಿದ್ದರು, ಛಾಸ್ ಇನ್ನೂ ನೆನಪಿದೆ. ಯಾರೂ ನನಗೆ ಲಂಚ ಕೊಡಲಿಲ್ಲ, ಹೆದರಿಸಲೂ ಇಲ್ಲ. ಮುಂದಿನ ವರ್ಷದ ಕೆಲಸ ಕೈ ತಪ್ಪಬಾರದು ಅನ್ನೋದು ಎಲ್ಲರಿಗೂ ಗೊತ್ತಿತ್ತು, ಅಷ್ಟೇ. ನನ್ನ 138 ಎಲ್ಲೋ ಒಂದು ಫೈಲಿನಲ್ಲಿ ಇವತ್ತೂ ಇದೆ. ಯಾರೋ ಆ ಮಿಲ್ಲು ಕೊಳ್ಳೋಕೆ ಹೋದಾಗ ಅದನ್ನೂ ಸ್ಕ್ಯಾನ್ ಮಾಡಿ ಡ್ರೈವ್‌ಗೆ ಹಾಕಿರ್ತಾರೆ.

ಹಾಗಾಗಿ ಯಾರಾದ್ರೂ ಇನ್ನೂರು ಪಿಡಿಎಫ್ ಕಳಿಸಿ "ಎಲ್ಲಾ ಕ್ಲಿಯರ್" ಅಂದಾಗ ನಾನು ಮೊದಲು ಕೇಳೋದು, ಇದನ್ನ ಬರೆಸಿದ್ದು ಯಾರ ದುಡ್ಡು? ಮಾರೋನ ದುಡ್ಡಲ್ಲಿ ಬಂದ ಕಾಗದ ಒಂದು ರಾಶಿ. ಬೇರೆಯವರ ದುಡ್ಡಲ್ಲಿ, ಬೇರೆ ಕಾರಣಕ್ಕೆ ಹುಟ್ಟಿದ ಕಾಗದ ಇನ್ನೊಂದು ರಾಶಿ. ಕರೆಂಟ್ ಬಿಲ್ಲು, ಜಿಎಸ್‌ಟಿ ರಿಟರ್ನು, ನೀರಿನ ಬಿಲ್ಲು, ಕೋರ್ಟ್ ಆದೇಶ ಎಲ್ಲ ಎರಡನೇ ರಾಶಿಯವು. ಕೆಲಸ ಅಂದ್ರೆ ಈ ಎರಡು ರಾಶಿಯನ್ನ ಪಕ್ಕಪಕ್ಕ ಇಟ್ಟು ನೋಡೋದು.

ಈಗ ಮೂರು ಊರುಗಳ ಬಗ್ಗೆ ಸ್ವಲ್ಪ. ಅಹಮದಾಬಾದ್, ವಡೋದರಾ, ಸೂರತ್ ಮೂರೂ ರಾಷ್ಟ್ರೀಯ ಹೆದ್ದಾರಿ 48ರ ಮೇಲಿವೆ. ನಮ್ಮ ಬೆಳಗಾವಿ, ಹುಬ್ಬಳ್ಳಿ, ದಾವಣಗೆರೆ, ತುಮಕೂರು ದಾಟಿ ಬೆಂಗಳೂರಿಗೆ ಹೋಗೋದೂ ಅದೇ ರಸ್ತೆ. ರಜೆಗೆ ಕಾರಲ್ಲಿ ಊರಿಗೆ ಹೋಗುವಾಗ ಈ ರಸ್ತೆಯ ವಾಸನೆಯಿಂದಲೇ ಊರು ಗುರುತಿಸ್ತಾಳೆ ನನ್ನ ಮಗಳು. ಆದರೆ ಮೂರು ಊರಿನ ಹಳೇ ಸಾಲ ಬೇರೆ ಬೇರೆ ಥರ.

ಅಹಮದಾಬಾದ್‌ನಲ್ಲಿ ನೋಡಬೇಕಾದ್ದು ಚರಂಡಿ. ಪೂರ್ವ ಭಾಗದ ವಟವಾ, ನಾರೋಲ್, ಓಢವ್, ನರೋಡಾ ಕೈಗಾರಿಕೆಗಳ ನೀರು ಖಾರಿ ನದಿಗೆ ಹೋಗ್ತಿತ್ತು, ಕೆಳಗಿನ ಹಳ್ಳಿಗಳ ಬಾವಿ, ಹೊಲ ಹಾಳಾಯ್ತು. 1995ರಲ್ಲಿ ಗುಜರಾತ್ ಹೈಕೋರ್ಟ್ 756 ಘಟಕಗಳ ಮೇಲೆ ಒಂದೇ ತೀರ್ಪಿನಲ್ಲಿ ಮುಚ್ಚುವ ಆದೇಶ ಮಾಡಿತು, ಒಂದು ವರ್ಷದ ಒಟ್ಟು ವ್ಯವಹಾರದ ಶೇಕಡಾ ಒಂದು ಭಾಗ ಕಟ್ಟಿ ಅಂತ ಹೇಳಿತು. ಇಲ್ಲಿ ಸಾಮೂಹಿಕ ಶುದ್ಧೀಕರಣ ಘಟಕಗಳು ಬೇಗಬೇಗ ಎದ್ದಿದ್ದು ಆ ಪೆಟ್ಟಿನಿಂದ. ಮತ್ತೆ 2021ರಲ್ಲಿ ಸಾಬರಮತಿ ವಿಷಯವನ್ನ ಹೈಕೋರ್ಟ್ ತಾನಾಗಿಯೇ ಕೈಗೆತ್ತಿಕೊಂಡಿತು. ಪಾಲಿಕೆಯ ಒಳಚರಂಡಿಗೆ ಕಾರ್ಖಾನೆ ನೀರು ಬಿಡೋ ಸಂಪರ್ಕಗಳನ್ನ ಕಡೀರಿ ಅಂತ ಆದೇಶ. ಕೇಂದ್ರ ಮಂಡಳಿಯ 2022ರ ವರದಿಯಲ್ಲಿ ರಾಯ್ಸಣ್‌ನಿಂದ ವೌಠಾವರೆಗಿನ ಸಾಬರಮತಿಯ ಬಿಒಡಿ ಲೀಟರಿಗೆ 292 ಮಿಲಿಗ್ರಾಂ. ಸ್ನಾನಕ್ಕೆ ಯೋಗ್ಯ ನೀರಿಗೆ ಅದು 3ರ ಒಳಗಿರಬೇಕು. ರಿವರ್‌ಫ್ರಂಟ್‌ನಲ್ಲಿ ಫೋಟೋ ತೆಗೆಸಿಕೊಂಡವರಿಗೆ ನಂಬೋಕೆ ಕಷ್ಟ, ಯಾಕಂದ್ರೆ ಅಲ್ಲಿ ನಿಂತಿರೋದು ನರ್ಮದೆಯ ನೀರು. ಕೊಳೆ ಕೆಳಗಡೆ ಪಿರಾಣಾ ಕಡೆ ಸೇರುತ್ತೆ. ಹಾಗಾಗಿ ನಾರೋಲ್ ಕಡೆ ಒಂದು ಪ್ರೋಸೆಸ್ ಹೌಸ್ ಮಾರಾಟಕ್ಕಿದ್ದರೆ, ಅದರ ನೀರು ಯಾವ ಪೈಪಿಗೆ ಹೋಗುತ್ತೆ, ಅನುಮತಿ ಎಷ್ಟು ಲೀಟರಿಗೆ, ಅಂತ ಮ್ಯಾನ್‌ಹೋಲ್ ಮುಚ್ಚಳ ತೆಗೆಸಿ ನೋಡಬೇಕು. ಪೈಪು ನಾಳೆ ಕಡಿದರೆ ನೀವು ಕೊಂಡಿದ್ದು ಖಾಲಿ ಶೆಡ್ಡು.

ವಡೋದರಾದಲ್ಲಿ ನೋಡಬೇಕಾದ್ದು ಜಾಗದ ಇತಿಹಾಸ ಮತ್ತು ಅನುಮತಿಯ ತಾರೀಖು. ಈ ಊರಿಗೆ 1983ರಿಂದ ಕೊಳಚೆ ನೀರಿನದೇ ಒಂದು ಕಾಲುವೆ ಇದೆ, ಸುಮಾರು 55 ಕಿಲೋಮೀಟರ್, ಸರೋದ್ ಹತ್ತಿರ ಸಮುದ್ರದ ಬಾಯಿಗೆ ಹೋಗಿ ಸೇರುತ್ತೆ. ದಾರಿಯುದ್ದಕ್ಕೂ ಹಳ್ಳಿಗಳು. ಅನುಮತಿ ತಾರೀಖಿನ ವಿಷಯದಲ್ಲಿ ದೊಡ್ಡ ಪಾಠ ಅಲೆಂಬಿಕ್ ಫಾರ್ಮಾಸ್ಯುಟಿಕಲ್ಸ್ ಮತ್ತು ರೋಹಿತ್ ಪ್ರಜಾಪತಿ ನಡುವಿನ ಪ್ರಕರಣ. ಅಲೆಂಬಿಕ್ ಇದೇ ಊರಿನ ಹಳೇ ಕಂಪನಿ, ಪ್ರಜಾಪತಿ ಇದೇ ಊರಿನ ಪರಿಸರ ಹೋರಾಟಗಾರ. 1994ರ ಅಧಿಸೂಚನೆ ಪ್ರಕಾರ ಮೊದಲೇ ಪರಿಸರ ಅನುಮತಿ ತಗೋಬೇಕಿತ್ತು. ಮೂರು ಕಂಪನಿಗಳು ಮೊದಲು ಶುರು ಮಾಡಿ, 2002ರ ಒಂದು ಸುತ್ತೋಲೆ ಹಿಡಿದುಕೊಂಡು ಆಮೇಲೆ ಅನುಮತಿ ಪಡೆದಿದ್ದವು. ಹಸಿರು ನ್ಯಾಯಮಂಡಳಿ 2016ರಲ್ಲಿ ಮುಚ್ಚಿ ಅಂದಿತು. ಸುಪ್ರೀಂ ಕೋರ್ಟ್ 2020ರ ಏಪ್ರಿಲ್ 1ರಂದು, ಮುಚ್ಚೋದು ಬೇಡ, ಆದರೆ ಹಿಂದಿನ ತಾರೀಖಿಗೆ ಅನುಮತಿ ಅನ್ನೋದು ಕಾನೂನಲ್ಲಿ ಇಲ್ಲ, ಪ್ರತಿಯೊಬ್ಬರೂ 10 ಕೋಟಿ ಕಟ್ಟಿ ಅಂತ ತೀರ್ಪು ಕೊಟ್ಟಿತು. ಈ ವಿಚಾರ ಇನ್ನೂ ಓಲಾಡ್ತಾನೇ ಇದೆ. 2025ರ ಮೇ ತಿಂಗಳಲ್ಲಿ ವನಶಕ್ತಿ ಪ್ರಕರಣದಲ್ಲಿ ಕೋರ್ಟ್ ಹಿಂದಿನ ತಾರೀಖಿನ ಅನುಮತಿಯ ಬಾಗಿಲು ಪೂರ್ತಿ ಹಾಕಿತು, ನವೆಂಬರ್‌ನಲ್ಲಿ ಮೂವರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಆ ತೀರ್ಪನ್ನ ವಾಪಸ್ ತಗೊಂಡರು. ಕೊಳ್ಳೋರು ಮಾಡಬೇಕಾದ್ದು ಸರಳ: ಉತ್ಪಾದನೆ ಶುರುವಾದ ತಾರೀಖು, ವಿಸ್ತರಣೆ ಮಾಡಿದ ತಾರೀಖು, ಅನುಮತಿಯ ತಾರೀಖು, ಮೂರನ್ನೂ ಒಂದೇ ಸಾಲಲ್ಲಿ ಬರೆದುಕೊಳ್ಳಿ.

ದಾರಿಯಲ್ಲಿ ಅಂಕಲೇಶ್ವರ ಸಿಗುತ್ತೆ. 2009ರಲ್ಲಿ ಕೇಂದ್ರ ಮಂಡಳಿ ದೇಶದ ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯದ ಅಂಕ ಕೊಟ್ಟಾಗ 88.50 ಪಡೆದು ಮೊದಲ ಸ್ಥಾನ. ಎರಡನೇದು ವಾಪಿ. ಅಂಥ ಕಡೆ ಹೊಸ ಘಟಕ, ವಿಸ್ತರಣೆ ಎರಡನ್ನೂ 2010ರಲ್ಲಿ ಸ್ವಲ್ಪ ಕಾಲ ತಡೆಹಿಡಿದಿದ್ದರು. "ಕೊಂಡ ಮೇಲೆ ಸಾಮರ್ಥ್ಯ ಎರಡು ಪಟ್ಟು ಮಾಡ್ತೀವಿ" ಅನ್ನೋ ಎಕ್ಸೆಲ್ ಶೀಟು ಹಿಡಿದವರು ಇದನ್ನ ಮರೀಬಾರದು.

ಸೂರತ್‌ನಲ್ಲಿ ನೋಡಬೇಕಾದ್ದು ಟ್ಯಾಂಕರು. 2022ರ ಜನವರಿ 6ರ ಬೆಳಗಿನ ಜಾವ ಸಚಿನ್ ಜಿಐಡಿಸಿಯಲ್ಲಿ ಒಂದು ಟ್ಯಾಂಕರಿನವರು ರಾಸಾಯನಿಕವನ್ನ ಕದ್ದು ಕಾಲುವೆಗೆ ಬಿಟ್ಟರು. ವಿಷಾನಿಲ ಎದ್ದು ಪಕ್ಕದ ಬಣ್ಣದ ಮಿಲ್ಲಿನ ಆರು ಕಾರ್ಮಿಕರು ಸತ್ತರು, ಇಪ್ಪತ್ತಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಸತ್ತವರಿಗೂ ಆ ರಾಸಾಯನಿಕಕ್ಕೂ ಯಾವ ಸಂಬಂಧವೂ ಇರಲಿಲ್ಲ. ತ್ಯಾಜ್ಯ ಹುಟ್ಟಿಸಿದ ಕಾರ್ಖಾನೆ ಮಹಾರಾಷ್ಟ್ರದಲ್ಲಿತ್ತು, ತನಿಖೆ ಅಲ್ಲಿಯವರೆಗೂ ಹೋಯ್ತು. ಅಂದ್ರೆ ಗೇಟು ದಾಟಿದ ಮೇಲೆ ನಮ್ಮ ಜವಾಬ್ದಾರಿ ಅಲ್ಲ ಅನ್ನೋ ಹಾಗಿಲ್ಲ.

ಸೂರತ್‌ನ ಒಳ್ಳೇದೂ ಹೇಳ್ಬೇಕು. ಹೊಗೆಯ ಕಣಗಳಿಗೆ ಜಗತ್ತಿನಲ್ಲೇ ಮೊದಲ ಪರ್ಮಿಟ್ ಮಾರುಕಟ್ಟೆ ಶುರುವಾಗಿದ್ದು ಇಲ್ಲಿ, 2019ರಲ್ಲಿ. 300ಕ್ಕೂ ಹೆಚ್ಚು ಕಾರ್ಖಾನೆಗಳ ಚಿಮಣಿಗೆ ಸೆನ್ಸರ್ ಹಾಕಿ, ಡೇಟಾ ನೇರ ಮಂಡಳಿಗೆ ಹೋಗೋ ಹಾಗೆ ಮಾಡಿ, ಅದರಲ್ಲಿ ಅರ್ಧದಷ್ಟನ್ನ ಮಾರುಕಟ್ಟೆಗೆ ಸೇರಿಸಿದರು. ಸೇರಿದ ಕಾರ್ಖಾನೆಗಳ ಮಾಲಿನ್ಯ 20ರಿಂದ 30 ಪರ್ಸೆಂಟ್ ಕಮ್ಮಿ ಆಯ್ತು ಅಂತ ಅಧ್ಯಯನ ಹೇಳುತ್ತೆ. ಕೊಳ್ಳೋರಿಗೆ ಇದರಿಂದ ಏನು ಅಂದ್ರೆ, ನನ್ನ 138ರ ಬದಲು ಇಲ್ಲಿ ನಿಮಿಷ ನಿಮಿಷದ ಲಾಗ್ ಸಿಗುತ್ತೆ. ಲಾಗ್ ಓದೋದು ನಿಮಗೆ ನಾನು ಹೇಳಿಕೊಡಬೇಕಾ? ಎಲ್ಲಿ ಖಾಲಿ ಬಿಟ್ಟಿದೆ, ಎಲ್ಲಿ ಮೂರು ದಿನ ಒಂದೇ ಸಂಖ್ಯೆ ಇದೆ ಅಂತ ನೋಡಿ.

ಸರಿ, ನಮ್ಮ ಹುಡುಗರ ಇನ್ನೂರ ಹನ್ನೆರಡು ಪಿಡಿಎಫ್‌ಗೆ ವಾಪಸ್ ಬರ್ತೀನಿ.

ಪರಿಸರದ ಫೋಲ್ಡರ್ ಅಚ್ಚುಕಟ್ಟಾಗಿತ್ತು. ಮಂಡಳಿಯ ಒಪ್ಪಿಗೆ ಪತ್ರ ಚಾಲ್ತಿಯಲ್ಲಿತ್ತು. ಪ್ರತಿ ವರ್ಷ ಸೆಪ್ಟೆಂಬರ್ 30ರೊಳಗೆ ಕೊಡಬೇಕಾದ ಫಾರ್ಮ್ 5, ಪರಿಸರ ಹೇಳಿಕೆ, ಎಲ್ಲಾ ವರ್ಷದ್ದೂ ಇತ್ತು. ಅದರಲ್ಲಿ ಅವರೇ ಬರೆದಿದ್ದರು: ಒಂದು ಟನ್ ಉತ್ಪನ್ನಕ್ಕೆ ಒಂದೂವರೆ ಟನ್ ಕೆಸರು ತ್ಯಾಜ್ಯ ಹುಟ್ಟುತ್ತೆ, ಅದನ್ನ ಅಪಾಯಕಾರಿ ತ್ಯಾಜ್ಯದ ಭೂಭರ್ತಿ ಕೇಂದ್ರಕ್ಕೆ ಕಳಿಸ್ತೀವಿ. ಕಳಿಸಿದ್ದಕ್ಕೆ ಫಾರ್ಮ್ 10, ಅಂದ್ರೆ ಲಾರಿಯ ಜೊತೆ ಹೋಗೋ ರವಾನೆ ಚೀಟಿಗಳು, ಅವೂ ಇದ್ದವು. ಹದಿನೆಂಟು ತಿಂಗಳದ್ದು ಕೂಡಿದೆ. 95 ಟನ್.

ಆಮೇಲೆ ಹಣಕಾಸಿನ ಫೋಲ್ಡರ್ ತೆಗೆದೆ. ಅದನ್ನ ಅವರ ಸಿಎ ನೋಡಿದ್ದರು, ಪರಿಸರದ್ದನ್ನ ಯಾರೂ ನೋಡಿರಲಿಲ್ಲ, ಎರಡನ್ನೂ ಒಟ್ಟಿಗೆ ತೆಗೆದವರಂತೂ ಯಾರೂ ಇಲ್ಲ. ಜಿಎಸ್‌ಟಿ ಪ್ರಕಾರ ಅದೇ ಹದಿನೆಂಟು ತಿಂಗಳಲ್ಲಿ ಮಾರಿದ್ದು 240 ಟನ್. ಅವರದೇ ಲೆಕ್ಕದಲ್ಲಿ ಕೆಸರು 360 ಟನ್ ಆಗಬೇಕು. ಉಳಿದ 265 ಟನ್ ಎಲ್ಲಿ?

ಇದಕ್ಕೆ ರಾಕೆಟ್ ವಿಜ್ಞಾನ ಬೇಡ. ಒಳಗೆ ಬಂದಿದ್ದು ಹೊರಗೆ ಹೋಗಬೇಕು, ಹೋಗಿಲ್ಲ ಅಂದ್ರೆ ಒಳಗೇ ಇರಬೇಕು. ನಮ್ಮ ಅಜ್ಜಿ ಭತ್ತ ಕುಟ್ಟಿಸಿದಾಗ ಅಕ್ಕಿ ಎಷ್ಟು, ನುಚ್ಚು ಎಷ್ಟು, ತೌಡು ಎಷ್ಟು ಅಂತ ಕೇಳ್ತಿದ್ದಳಲ್ಲ, ಅದೇ ಲೆಕ್ಕ.

ಬುಧವಾರ ವೈಟ್‌ಫೀಲ್ಡ್‌ನವನು ವಿಮಾನ ಹತ್ತಿ ಬಂದ. ಇಬ್ಬರೂ ಹೋದ್ವಿ. ಮಾಲೀಕರು ವಯಸ್ಸಾದವರು, ಒಳ್ಳೇ ಮನುಷ್ಯ, ಮಗ ಕೆನಡಾದಲ್ಲಿ, ಅದಕ್ಕೇ ಮಾರ್ತಿದಾರೆ. ಕೂರಿಸಿ ಚಹಾ ಕೊಟ್ಟರು. ಶುದ್ಧೀಕರಣ ಘಟಕ ತೋರಿಸಿದರು, ಬಣ್ಣ ಹೊಸದು, ಮೋಟಾರು ಓಡ್ತಿತ್ತು. ಅದರ ಕರೆಂಟ್ ಮೀಟರ್ ಬೇರೆ ಇತ್ತು, ಅದರ ಪುಸ್ತಕ ಕೇಳಿದೆ. ತಿಂಗಳಲ್ಲಿ ಒಂದು ವಾರ ಓಡಿಸಿದಷ್ಟು ಯೂನಿಟ್. ಹಿಂದಿನ ಅಂಗಳಕ್ಕೆ ಹೋದ್ವಿ. ಇಡೀ ಕಾರ್ಖಾನೆಯಲ್ಲಿ ನೆಲ ಒಡೆದು ಗುಂಡಿ ಬಿದ್ದಿದೆ, ಹಿಂದಿನ ಅಂಗಳಕ್ಕೆ ಮಾತ್ರ ಹೊಸ ಇಂಟರ್‌ಲಾಕ್ ಇಟ್ಟಿಗೆ, ನಾಲ್ಕು ಕುಂಡದಲ್ಲಿ ತುಳಸಿ. ನನ್ನ ಗೆಳೆಯ ಏನೂ ಹೇಳಲಿಲ್ಲ, ಇಟ್ಟಿಗೆ ನೋಡ್ತಾ ನಿಂತ.

ಹೊರಗೆ ಬರುವಾಗ ಗೇಟಿನ ವಾಚ್‌ಮನ್ ಹತ್ತಿರ ನೀರು ಕೇಳಿದೆ. ಇದು ನನ್ನ ಹಳೇ ಅಭ್ಯಾಸ. ಅವರ ಮನೆ ಗೇಟಿನ ಪಕ್ಕದಲ್ಲೇ ಇತ್ತು. ಕ್ಯಾನಿನಿಂದ ಬಗ್ಗಿಸಿಕೊಟ್ಟರು. "ಬೋರ್ ಇದೆಯಲ್ಲ ಕಾಕಾ?" ಅಂದೆ. "ಅದು ಕುಡಿಯೋಕಲ್ಲ ಸಾಹೇಬ್, ಅದರಲ್ಲಿ ಬಟ್ಟೆಯೂ ಒಗೆಯಲ್ಲ, ಹಳದಿ ಆಗ್ತದೆ" ಅಂದರು. ಇನ್ನೂರ ಹನ್ನೆರಡು ಪಿಡಿಎಫ್‌ನಲ್ಲಿ ಈ ವಾಕ್ಯ ಇರಲಿಲ್ಲ.

ಬೋರ್ ನೀರು ಪರೀಕ್ಷೆಗೆ ಕೊಟ್ಟೆ. ಕರಗಿದ ಲವಣ 7,400. ಕುಡಿಯೋ ನೀರಿಗೆ ಬೇರೆ ದಾರಿಯೇ ಇಲ್ಲದಿದ್ದರೂ 2,000ದ ಮೇಲೆ ಒಪ್ಪಲ್ಲ. ಆದರೆ ಇಲ್ಲಿ ಅವಸರ ಮಾಡಬಾರದು. ಗುಜರಾತಿನ ಎಷ್ಟೋ ಕಡೆ ಅಂತರ್ಜಲ ಸಹಜವಾಗಿಯೇ ಉಪ್ಪು, ಅದಕ್ಕೆ ಕಾರ್ಖಾನೆ ಕಾರಣ ಅಲ್ಲ. ಅದಕ್ಕೇ ಅಂತರ್ಜಲ ಹರಿದು ಬರೋ ಮೇಲಿನ ದಿಕ್ಕಿನ ಒಂದು ಹೊಲದ ಬೋರಿನಿಂದಲೂ ನೀರು ತಂದಿದ್ದೆ. ಅಲ್ಲಿ 1,100. ಜೊತೆಗೆ ಕಾರ್ಖಾನೆಯ ಬೋರಿನಲ್ಲಿ ಸಿಒಡಿ ಇತ್ತು, ಮುನ್ನೂರರ ಹತ್ತಿರ. ಉಪ್ಪು ಭೂಮಿಯದ್ದು ಅನ್ನಬಹುದು, ಇಷ್ಟು ಸಿಒಡಿ ಭೂಮಿಯದ್ದು ಅನ್ನೋಕಾಗಲ್ಲ.

ಟೋಕನ್ ಮುಂದಕ್ಕೆ ಹಾಕಿಸಿ, ಮಾಲೀಕರನ್ನ ಒಂದೇ ಒಂದು ಕೇಳಿದ್ವಿ: ಹಿಂದಿನ ಅಂಗಳದಲ್ಲಿ ಮೂರು ಕಡೆ, ನಾಲ್ಕು ಮೀಟರ್ ಕೊರೆದು ಮಣ್ಣು ತೆಗೀತೀವಿ, ಖರ್ಚು ನಮ್ಮದು, ಇಟ್ಟಿಗೆ ವಾಪಸ್ ಹಾಕಿಸಿಕೊಡ್ತೀವಿ. ನೀರಿನ ಪರೀಕ್ಷೆಗೆ ಏನೂ ಹೇಳದಿದ್ದ ಮನುಷ್ಯ ಇದಕ್ಕೆ ಒಪ್ಪಲಿಲ್ಲ. ಅದರ ಬದಲು ಅವತ್ತು ಸಂಜೆಯೇ ದಲ್ಲಾಳಿಯ ಫೋನ್ ಬಂತು, ಅರವತ್ತು ಲಕ್ಷ ಇಳಿಸ್ತೀವಿ ಅಂತ.

ಇಲ್ಲಿಂದ ಜಗಳ ಶುರು. ಸಿಯಾಟಲ್‌ನವನು, ಅರವತ್ತು ಲಕ್ಷದಲ್ಲಿ ಆ ಅಂಗಳ ಶುದ್ಧ ಮಾಡಿಸಬಹುದಲ್ಲ ಅಂದ. ನ್ಯಾಯವಾದ ಪ್ರಶ್ನೆ. ಗುಂಡಿ ಎಷ್ಟು ಆಳ ಅಂತ ಗೊತ್ತಿದ್ದರೆ ಲೆಕ್ಕ ಹಾಕಿ ಹೇಳ್ತಿದ್ದೆ. ಕೊರೆಯೋಕೆ ಬಿಡದೇ ಇದ್ದಿದ್ದರಿಂದ ಅರವತ್ತು ಲಕ್ಷ ಜಾಸ್ತಿಯೋ ಕಮ್ಮಿಯೋ ಹೇಳೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಹಳೇ ಮಾಲಿನ್ಯದ ಹೊಣೆ ಮಾರಾಟಗಾರನದು ಅಂತ ಒಪ್ಪಂದದಲ್ಲಿ ಬರೆಸೋಣ ಅಂತ ಅವನೇ ಮತ್ತೆ ಹೇಳಿದ. ಬರೆಸಬಹುದು. ಆದರೆ ಆ ಮಾತು ನಿಮ್ಮ ಮತ್ತು ಮಾರಿದವರ ನಡುವಿನದು, ಮಂಡಳಿಗೂ ಪಕ್ಕದ ರೈತನಿಗೂ ಅದರಿಂದ ಏನೂ ಇಲ್ಲ. ಮಂಡಳಿಯ ನೋಟಿಸ್ ಬಂದ ದಿನ ಮಾರಿದವರು ಟೊರೊಂಟೊದಲ್ಲಿ ಮೊಮ್ಮಗನನ್ನ ಆಡಿಸ್ತಾ ಇರ್ತಾರೆ. ದುಡ್ಡಿನ ಒಂದು ಭಾಗವನ್ನ ಮೂರು ವರ್ಷ ಎಸ್ಕ್ರೋ ಖಾತೆಯಲ್ಲಿ ಇಡಿ ಅಂತ ಕೇಳಿದ್ವಿ, ಅದಕ್ಕೂ ಆಗಲ್ಲ ಅಂದರು. ಮಲಿನಗೊಂಡ ಜಾಗಗಳಿಗಂತಲೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಪ್ರತ್ಯೇಕ ನಿಯಮ ತಂದಿದೆ, ಅಂಥ ಜಾಗ ಗುರುತಿಸಿ, ಕಾರಣರಾದವರನ್ನ ಹುಡುಕಿ, ಖರ್ಚು ವಸೂಲಿ ಮಾಡೋದಕ್ಕೆ. ಅಂಗಳದ ಗುಂಡಿಗಳು ಇನ್ನು ಮುಂದೆ ಹೆಚ್ಚು ಹೊರಗೆ ಬರುತ್ತವೆ, ಕಮ್ಮಿ ಅಲ್ಲ ಅಂತ ನನ್ನ ಅಂದಾಜು.

ಎರಡು ರಾತ್ರಿ ಗುಂಪು ಕರೆಯಲ್ಲಿ ವಾದ ನಡೀತು. ಕೊನೆಗೆ ಪುಣೆಯವನು, ಅವನು ಅಲ್ಲಿಯವರೆಗೆ ಹೆಚ್ಚು ಮಾತಾಡಿರಲಿಲ್ಲ, "ಲೋ, ನಮ್ಮಪ್ಪ ಆ ತೋಟಕ್ಕೆ ಮೈಲುತುತ್ತ ಹೊಡೆಯುವಾಗ ಕೂಡ ಬಾವಿ ಹತ್ತಿರ ಡ್ರಮ್ ತೊಳೆಯೋಕೆ ಬಿಡ್ತಿರಲಿಲ್ಲ ಕಣೋ" ಅಂದ. ಅವನು ಹಿಂದೆ ಸರಿದ, ಅವನ ಪಾಲಿಲ್ಲದೆ ಉಳಿದವರಿಗೆ ದುಡ್ಡು ಸಾಲಲಿಲ್ಲ.

ಮಾತು ಮುಗಿದ ಮೇಲೆ ಇಬ್ಬರು ಪ್ರಶ್ನೆ ಕಳಿಸಿದ್ದರು, ಅವಕ್ಕೂ ಉತ್ತರ ಹೇಳಿಬಿಡ್ತೀನಿ. ಖರ್ಚು ಎಷ್ಟಾಯ್ತು ಅಂತ ಒಬ್ಬರು. ಈ ಕೇಸಿನಲ್ಲಿ ನೀರಿನ ಪರೀಕ್ಷೆ, ಓಡಾಟ ಸೇರಿ ಮೂವತ್ತೆಂಟು ಸಾವಿರ. ನನ್ನ ಫೀಸು ತಗೊಳ್ಳಲಿಲ್ಲ, ಸ್ನೇಹಿತರು ಅಂತ. ಮಣ್ಣು ಕೊರೆದಿದ್ದರೆ ಇನ್ನೂ ಮೂರು ಲಕ್ಷ ಆಗ್ತಿತ್ತು. ನಾವು ಕಾರ್ಖಾನೆ ಕೊಳ್ಳಲ್ಲ, ಷೇರು ಮಾತ್ರ, ನಮಗೇನು ಮಾಡೋಕಾಗುತ್ತೆ ಅಂತ ಇನ್ನೊಬ್ಬರು. ಸಣ್ಣ ಕೆಮಿಕಲ್ ಕಂಪನಿಯ ಐಪಿಒ ಬಂದಾಗ ಆಫರ್ ದಾಖಲೆಯಲ್ಲಿ ಬಾಕಿ ಇರೋ ಮೊಕದ್ದಮೆಗಳ ಅಧ್ಯಾಯ ಇರುತ್ತೆ, ಅಲ್ಲಿ ಮಾಲಿನ್ಯ ಮಂಡಳಿ, ಹಸಿರು ನ್ಯಾಯಮಂಡಳಿ ಅಂತ ಹುಡುಕಿ. ಕಂಪನಿಯ ಹೆಸರನ್ನ ನ್ಯಾಯಮಂಡಳಿಯ ವೆಬ್‌ಸೈಟಿನಲ್ಲೂ ಹುಡುಕಿ. ಹತ್ತು ನಿಮಿಷದ ಕೆಲಸ.

ಆ ಘಟಕ ಏನಾಯ್ತು ಅಂತ ಎಲ್ಲರೂ ಕೇಳ್ತಾರೆ. ಎರಡು ತಿಂಗಳಲ್ಲಿ ಬೇರೆ ಯಾರೋ ಕೊಂಡರು. ನಡೀತಿದೆ, ಚೆನ್ನಾಗಿಯೇ ನಡೀತಿದೆ, ಗೇಟಿಗೆ ಹೊಸ ಬಣ್ಣ ಹೊಡೆಸಿದ್ದಾರೆ. ಸಿಯಾಟಲ್‌ನವನು ಅದರ ಲಾಭದ ಲೆಕ್ಕ ಎಲ್ಲಿಂದಲೋ ತರಿಸಿ ನನಗೆ ಫಾರ್ವರ್ಡ್ ಮಾಡಿದ್ದ, ಜೊತೆಗೆ ಒಂದು ಮಾತೂ ಬರೆಯದೆ. ಕಳೆದ ತಿಂಗಳು ಆ ಕಡೆ ಹೋಗಿದ್ದಾಗ ಗೇಟಿನ ಹತ್ತಿರ ನಿಲ್ಲಿಸಿದೆ. ಕಾಕಾ ಅಲ್ಲೇ ಇದ್ದಾರೆ. ನೀರು ಕೊಟ್ಟರು, ಕ್ಯಾನಿನದ್ದೇ.